ಎಡ ಹೆಗಲಿನ ಬಕಲ್

ಬಿಸಿಲಿಗೆ ಕಾದ ಲಾರಿ ಟ್ಯೂಬಿನ ವಾಸನೆ ಅತ್ತಿಗೆಯ ಮೂಗಿನಲ್ಲಿ ಏಳನೆಯ ವಯಸ್ಸಿನಿಂದಲೇ ಮನೆ ಮಾಡಿಕೊಂಡಿತ್ತು. ಅಪ್ಪ ತೇಪೆ ಹಾಕಿದ ಟ್ಯೂಬನ್ನು ಮಗಳ ಕಂಕುಳವರೆಗೆ ಏರಿಸಿ, ಕೆರೆಗೆ ಇಳಿಸಿ, "ಕೈ ಬಿಟ್ಟೆ ನೋಡು, ಬಿಟ್ಟೇಬಿಟ್ಟೆ" ಎನ್ನುತ್ತಿದ್ದರು. ಬಿಡುತ್ತಿರಲಿಲ್ಲ.

ಈಗ ಅತ್ತಿಗೆಗೆ ಐವತ್ಮೂರು. ಮತ್ಸ್ಯಾಲಯದ ದೊಡ್ಡ ತೊಟ್ಟಿಯಲ್ಲಿ ಮುಳುಗಿ, ಒಳಗಿನಿಂದ ಗಾಜು ಉಜ್ಜುವುದು ಅವರ ಕೆಲಸ. ಜೊತೆಗೆ ಮುಳುಗುವವಳು ಗಂಡನ ತಂಗಿ. ಅವಳು ಮೊದಲ ದಿನವೇ "ಅತ್ತಿಗೇ" ಎಂದು ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿಸಿ, ಅಂದಿನಿಂದ ಪಂಪ್ ನೋಡುವವನಿಗೂ ಟಿಕೆಟ್ ಹರಿಯುವವಳಿಗೂ ಅವರು ಅತ್ತಿಗೆಯೇ. ನಾದಿನಿಗೆ ಮಾತ್ರ ಬೇರೆ ಹೆಸರಿತ್ತು, ಗಿಣಿ. ನೀರೊಳಗೆ ಬಾಯಿಗೆ ಕೊಳವೆ ಕಚ್ಚಿರುವ ನಲವತ್ತು ನಿಮಿಷ ಬಿಟ್ಟರೆ ಅವಳು ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಅತ್ತಿಗೆಯ ಹನ್ನೊಂದು ವರ್ಷದ ಜಾಕೆಟ್ ಸೋರತೊಡಗಿದ್ದರಿಂದ, ಹೊಸದು ಯಾವ ಥರದ್ದು ಎಂಬ ಜಗಳ ಶುರುವಾಯಿತು. ನೀರಿನಲ್ಲಿ ಎಷ್ಟು ಮೇಲೆ, ಎಷ್ಟು ಕೆಳಗೆ ಇರಬೇಕೆಂಬುದನ್ನು ಹಿಡಿತದಲ್ಲಿಡುವುದು ಮುಳುಗುವವರು ತೊಡುವ ಗಾಳಿಚೀಲ. ಅತ್ತಿಗೆಯದು ಜಾಕೆಟ್ಟಿನಂಥದ್ದು. ಗಾಳಿ ತುಂಬಿದರೆ ಪಕ್ಕೆ ಹೊಟ್ಟೆಗಳನ್ನೆಲ್ಲ ಸುತ್ತಿ ಅಪ್ಪಿಕೊಳ್ಳುತ್ತದೆ. ಒದ್ದೆಯಾದಾಗ ಟ್ಯೂಬಿನ ವಾಸನೆಯೂ ಬರುತ್ತದೆ. ಗಿಣಿಯದು ವಿಂಗ್. ಬೆನ್ನಿಗೊಂದು ಉಕ್ಕಿನ ಹಲಗೆ, ಅದರ ಹಿಂದೆ ರೆಕ್ಕೆಯ ಹಾಗೆ ಗಾಳಿಚೀಲ, ಎದೆಯ ಕಡೆ ಖಾಲಿ. ಎರಡು ಹೆಗಲು, ಸೊಂಟ ಎಲ್ಲಕ್ಕೂ ಸೇರಿ ಉದ್ದಕ್ಕೆ ಒಂದೇ ಪಟ್ಟಿ. ಅದು ಅವಳು ಸ್ವಂತಕ್ಕೆ ತಂದುಕೊಂಡದ್ದು.

"ಒಂದೇ ಪಟ್ಟಿ ಅತ್ತಿಗೆ! ಹೆಗಲ ಮೇಲೆ ಒಂದು ಬಕಲ್ ಇಲ್ಲ, ಮುರಿಯೋದಕ್ಕೆ ಏನೂ ಇಲ್ಲ," ಎಂದು ಗಿಣಿ ದಿನಕ್ಕೆರಡು ಸಲವಾದರೂ ಹೇಳುತ್ತಿದ್ದಳು.

"ಬೆನ್ನಿಗೆ ಬಾಗಿಲು ಕಟ್ಕೊಂಡು ಈಜೋದು ನಿನಗೇ ಇರಲಿ."

"ನೀವು ನೀರೊಳಗೆ ಬಸ್ಸಿಗೆ ಕಾಯೋರ ಥರ ನಿಂತಿರ್ತೀರಲ್ಲ, ಅದೇನು? ಕಾಲು ಆಡಿಸಿದರೆ ತಳದ ಮರಳೆಲ್ಲ ಮೇಲೆ. ಮಾವನಿಗೆ ಕೆಮ್ಮು ಬರುತ್ತೆ."

ಮಾವ ಎಂದರೆ ತೊಟ್ಟಿಯ ಅತಿ ಹಿರಿಯ ಮೀನು. ಜೋತುಬಿದ್ದ ತುಟಿಯ, ಯಾವ ಕೆಲಸವನ್ನೂ ಮೆಚ್ಚದ ಮುಖದ ಮೀನು. ಉಜ್ಜಿದ ಗಾಜನ್ನು ಹಿಂದೆಯೇ ಬಂದು ಪರೀಕ್ಷಿಸುತ್ತಿತ್ತು.

"ನನಗೆ ಮಾವ ಅಂದ್ರೆ ನಿನಗೆ ಅಪ್ಪ ಆಗ್ಬೇಕು, ಗೊತ್ತಾಯ್ತಾ? ಮುಖ ನೋಡಿದರೂ ಗೊತ್ತಾಗುತ್ತೆ," ಎಂದರು ಅತ್ತಿಗೆ.

ಆದರೆ ಅತ್ತಿಗೆಯ ಹಟಕ್ಕೆ ಬೇರೊಂದು ಕಾರಣವಿತ್ತು. ನಾಲ್ಕು ತಿಂಗಳಿಂದ ಅವರ ಎಡ ತೋಳು ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಹಿಂದಕ್ಕೂ ತಿರುಗುತ್ತಿರಲಿಲ್ಲ. ಜಾಕೆಟ್ಟಿನ ಹೆಗಲಿನಲ್ಲಿ ಬಕಲ್ ಇತ್ತು. ಟಕ್ಕನೆ ಬಿಚ್ಚಿದರೆ ತೋಳು ಅಲುಗಿಸದೆ ಹೊರಬರಬಹುದು. ಗುಟ್ಟು ಮೇಲ್ವಿಚಾರಕರ ಕಿವಿಗೆ ಬಿದ್ದರೆ ಟಿಕೆಟ್ ಕಿಟಕಿಗೆ ಕಳಿಸುವುದು ಖಂಡಿತ. ಹಿಂದೆ ಗಾಜು ಉಜ್ಜುತ್ತಿದ್ದವರನ್ನು ಮೊಣಕಾಲು ನೋವೆಂದು ಅಲ್ಲಿಗೇ ಕಳಿಸಿದ್ದರು. ದಿನಾ ಬೆಳಿಗ್ಗೆ ಗಾಜಿನಾಚೆ ಮೂಗು ಚಪ್ಪಟೆ ಮಾಡಿಕೊಂಡು ನಿಲ್ಲುವ ಮಕ್ಕಳಿಗೆ ಕೈಬೀಸುವುದನ್ನು ಬಿಟ್ಟು, ಚೀಟಿ ಹರಿಯುತ್ತ ಕೂರುವುದನ್ನು ಅತ್ತಿಗೆ ನೆನೆಸಿಕೊಳ್ಳಲೂ ಒಪ್ಪುತ್ತಿರಲಿಲ್ಲ.

ಮೇಲ್ವಿಚಾರಕರಿಗೆ ಗಳಿಗೆಗೊಮ್ಮೆ ಕೈಗಡಿಯಾರ ನೋಡುವ ಅಭ್ಯಾಸ. "ಹೊಸದು ಎರಡು ತರಿಸೋಣ. ಆದರೆ ಎರಡೂ ಒಂದೇ ಥರ ಇರಬೇಕು, ಬಿಡಿಭಾಗ ಒಂದಕ್ಕೊಂದು ಹೊಂದಬೇಕಲ್ಲ," ಎಂದರು. "ಇವತ್ತು ಬಾಗಿಲು ತೆಗೆಯೋ ಮುಂಚೆ ಒಬ್ಬರದು ಒಬ್ಬರು ಹಾಕಿ ನೋಡಿ. ನಾನೂ ಇರ್ತೀನಿ."

"ನಾನೂ ಇರ್ತೀನಿ" ಎಂಬ ಮಾತೇ ಅತ್ತಿಗೆಗೆ ಬೇಡವಾಗಿತ್ತು. ವಿಂಗ್ ತೊಡುವಾಗ ಗಿಣಿಯೇ ಅದನ್ನು ಹಿಂದಿನಿಂದ ಎತ್ತಿ ಹಿಡಿದು, ಎಡ ತೋಳನ್ನು ಮೊದಲು ತೂರಿಸಿಕೊಟ್ಟಳು. ಅಷ್ಟಕ್ಕೆ ಬಚಾವಾಯಿತು.

ನೀರಿಗಿಳಿದ ಮೇಲೆ ಅತ್ತಿಗೆಗೆ ಮೊದಲು ತಲೆನೋವಾದದ್ದು ಕಾಲುಗಳ ವಿಷಯ. ಕೆಳಗೆ ಹೋಗಬೇಕಾದವು ಹೋಗಲೊಲ್ಲವು. ದೇಹ ತಾನಾಗಿ ಚಾಪೆಯ ಮೇಲೆ ಬೋರಲು ಮಲಗಿದ ಹಾಗೆ ಚಾಚಿಕೊಂಡಿತು. ಪಕ್ಕೆಗಳನ್ನು ಹಿಂಡುವವರು ಯಾರೂ ಇಲ್ಲ. ಮುಳುಗಲೆಂದು ಸೊಂಟಕ್ಕೆ ಬಿಗಿಯುವ ಸೀಸದ ತುಂಡುಗಳ ಕೆಲಸವನ್ನು ಉಕ್ಕಿನ ಹಲಗೆಯ ಭಾರವೇ ವಹಿಸಿಕೊಂಡಿತ್ತು. ಅತ್ತಿಗೆ ಗಾಜಿನ ಬುಡವನ್ನು ಈ ಕೊನೆಯಿಂದ ಆ ಕೊನೆಗೆ ಉಜ್ಜಿದರು. ಮರಳಿನ ಒಂದು ಕಾಳೂ ಏಳಲಿಲ್ಲ. ಮಾವ ಬಂದು, ಗಾಜು ನೋಡಿ, ಅವರ ಮುಖ ನೋಡಿ, ಹೇಳುವುದಕ್ಕೇನೂ ಸಿಗದೆ ಹೊರಟುಹೋಯಿತು. ಅತ್ತ ಜಾಕೆಟ್ ತೊಟ್ಟ ಗಿಣಿ ನೆಟ್ಟಗೆ ನಿಂತು, ಮೋಡದ ನಡುವೆ ಸಿಕ್ಕಿಕೊಂಡ ದೀಪದ ಕಂಬದ ಹಾಗೆ, ತಾನೇ ಎಬ್ಬಿಸಿದ ಮರಳಿನಲ್ಲಿ ಮಸುಕಾಗುತ್ತಿದ್ದಳು. ಅತ್ತಿಗೆಗೆ ನಗು ಬಂದು, ಮುಖವಾಡದೊಳಗೆ ಸ್ವಲ್ಪ ನೀರೂ ಬಂತು.

ಏಣಿ ಹತ್ತಿ ಮೇಲಿನ ಕಟ್ಟೆಗೆ ಬಂದಾಗಲೇ ಅವರಿಗೆ ನೆನಪಾದದ್ದು, ಇದನ್ನು ಬಿಚ್ಚಬೇಕಲ್ಲ!

ಬಲ ತೋಳು ಸುಲಭವಾಗಿ ಹೊರಬಂತು. ಎಡಕ್ಕೆ ಮೊಣಕೈಯನ್ನು ಹಿಂದೆ ಒಯ್ದು ಪಟ್ಟಿಯ ಕೆಳಗೆ ನುಸುಳಿಸಬೇಕಿತ್ತು. ಮೊಣಕೈ ಒಪ್ಪಲಿಲ್ಲ. ಅತ್ತಿಗೆ ತೆಪ್ಪಗೆ ಬಲ ತೋಳನ್ನೂ ಮತ್ತೆ ಒಳಗೆ ಸೇರಿಸಿಕೊಂಡು ನಿಂತರು.

"ಹೇಗಿತ್ತು?" ಎಂದರು ಮೇಲ್ವಿಚಾರಕರು.

"ಚೆನ್ನಾಗಿತ್ತು ಸಾರ್. ಎಷ್ಟು ಚೆನ್ನಾಗಿದೆ ಅಂದ್ರೆ, ಬಿಚ್ಚೋಕೆ ಮನಸ್ಸೇ ಬರ್ತಾ ಇಲ್ಲ."

"ಗಾಳಿ ಸಿಲಿಂಡರ್ ಸಮೇತ ನಿಂತಿದ್ದೀರಿ."

"ಭಾರವೇ ಗೊತ್ತಾಗಲ್ಲ ಸಾರ್," ಎಂದರು ಅತ್ತಿಗೆ. ಬೆಂಚಿನ ಮೇಲೆ ಕೂರಲು ಹೋದರೆ ಸಿಲಿಂಡರು ಢಣ್ಣೆಂದು ಗೋಡೆಗೆ ಬಡಿಯಿತು. ಮತ್ತೆ ಎದ್ದು ನಿಂತರು. ಕಾಲಡಿ ನೀರು ತೊಟ್ಟಿಕ್ಕಿ ಸಣ್ಣ ಕೊಳವಾಯಿತು. ಮೇಲ್ವಿಚಾರಕರು ಗಡಿಯಾರ ನೋಡಿದರು, ಅತ್ತಿಗೆಯನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು.

ಗಿಣಿ ಜಾಕೆಟ್ ಬಿಚ್ಚುತ್ತಿದ್ದವಳು ತಲೆಯೆತ್ತಿ, ಅತ್ತಿಗೆಯ ಅಲುಗದ ಎಡಗೈಯನ್ನು ಕಂಡಳು.

"ಸಾರ್, ಎರಡನೇ ಪಂಪು ಯಾಕೋ ಕರಕರ ಅಂತಿದೆ. ನೀವೇ ಒಂದ್ಸಲ ಕಿವಿ ಕೊಟ್ಟು ನೋಡಿ ಸಾರ್."

ಅವರು ಆಚೆ ಹೋದದ್ದೇ ತಡ, ಗಿಣಿ ಹಿಂದೆ ಬಂದು ಸಿಲಿಂಡರಿನ ಭಾರ ತಾನು ಹೊತ್ತು, ಪಟ್ಟಿ ಸಡಿಲಿಸಿ, ಮಗುವಿನ ಅಂಗಿ ಬಿಚ್ಚುವ ಹಾಗೆ ತೋಳನ್ನು ಈಚೆ ತೆಗೆದಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ಊಟದ ಡಬ್ಬೀನ ಹೊಟ್ಟೆಗೆ ಒತ್ಕೊಂಡು ಒಂದೇ ಕೈಲಿ ಮುಚ್ಚಳ ತೆಗೀತೀರಲ್ಲ, ನಾನು ಕುರುಡೀನಾ? ಹೊಸ ಸ್ಟೈಲು ಅಂದ್ಕೊಂಡಿದ್ದೆ."

ಅತ್ತಿಗೆ ಬಲಗೈಯಿಂದ ಪಟ್ಟಿ ಸರಿಪಡಿಸಲು ಬಗ್ಗಿದರು. ಕೆಳಗಿಟ್ಟ ವಿಂಗಿನ ಗಾಳಿಚೀಲದಿಂದ ಪರಿಚಯದ ವಾಸನೆಯೊಂದು ಏಳುತ್ತಿತ್ತು. ಇದಕ್ಕೂ ಅದೇ ಟ್ಯೂಬಿನ ವಾಸನೆ, ಬೆನ್ನಿನ ಕಡೆಯಿಂದ ಬರುತ್ತಿತ್ತು ಅಷ್ಟೇ.

ಮೇಲ್ವಿಚಾರಕರು ಮರಳಿ ಬಂದು ಖರೀದಿ ನಮೂನೆಯ ಹಾಳೆ ಬಿಡಿಸಿದರು. "ಪಂಪ್ ಸರಿಯಾಗೇ ಇದೆ. ಹೇಳಿ, ಯಾವುದು?"

"ಜಾಕೆಟ್ಟು," ಎಂದಳು ಗಿಣಿ.

"ವಿಂಗು," ಎಂದರು ಅತ್ತಿಗೆ.

ಮೇಲ್ವಿಚಾರಕರ ಪೆನ್ನು ಗಾಳಿಯಲ್ಲೇ ನಿಂತಿತು. "ನಿನ್ನೆ ತನಕ ತಿರುಗಾಮುರುಗಾ ಇತ್ತಲ್ಲ?"

"ಅಪ್ಪಿಕೊಂಡ ಹಾಗಿರುತ್ತೆ ಸಾರ್ ಜಾಕೆಟ್ಟು," ಎಂದಳು ಗಿಣಿ, ಕಷ್ಟಪಟ್ಟು.

"ಸುಳ್ಳು ಸಾರ್! ಅವಳ ಪಕ್ಕೆ ಕೆಂಪಗಾಗಿದೆ, ಕೇಳಿ. ಬೆನ್ನು ಹೇಗೆ ಹಗುರ ಆಯ್ತು ಅಂತ ನನಗೆ ಗೊತ್ತು."

"ಬಿಚ್ಚೋದು ಹೇಗೆ ಅಂತಲೂ ಗೊತ್ತಾ?" ಎಂದು ಬಾಯಿಗೆ ಬಂದದ್ದನ್ನು ಗಿಣಿ ನುಂಗಿಕೊಂಡಳೇನೋ, ಕಣ್ಣು ಮಾತ್ರ ಹೇಳಿತು.

ಮೇಲ್ವಿಚಾರಕರು ಊಟದ ಹೊತ್ತಿನವರೆಗೆ ಗಡುವು ಕೊಟ್ಟರು. ಗಿಣಿ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಬಂದಾಗ ಅವಳ ಕೈಯಲ್ಲಿ ಅದೇ ವಿಂಗ್. ಆದರೆ ಹೆಮ್ಮೆಯ ಆ ಒಂದೇ ಪಟ್ಟಿಯನ್ನು ಎಡ ಹೆಗಲಿನ ಹತ್ತಿರ ಕತ್ತರಿಸಿ, ನಡುವೆ ಬಕಲ್ ಕೂರಿಸಿದ್ದಳು. ಬಕಲ್ ಅತ್ತಿಗೆಯ ಹಳೆಯ ಜಾಕೆಟ್ಟಿನದು. ಹನ್ನೊಂದು ವರ್ಷ ಹೆಬ್ಬೆರಳು ಒತ್ತಿ ಒತ್ತಿ ಅದರ ಅಂಚು ನುಣುಪಾಗಿತ್ತು.

"ಅಯ್ಯೋ, ನಿನ್ನದನ್ನೇ ಕತ್ತರಿಸಿಬಿಟ್ಟೆಯಲ್ಲೇ!"

"ಮಾತು ಸಾಕು, ಹಾಕ್ಕೊಳ್ಳಿ."

ಅತ್ತಿಗೆ ತೊಟ್ಟರು. ಹೆಬ್ಬೆರಳಿಟ್ಟರು. ಟಕ್. ಹಲಗೆ ಬಲಕ್ಕೆ ಜಾರಿ ತಾನಾಗಿ ಕಳಚಿಕೊಂಡಿತು. ಬಾಗಿಲಲ್ಲಿ ನಿಂತು ಅಷ್ಟನ್ನೂ ನೋಡಿದ ಮೇಲ್ವಿಚಾರಕರನ್ನು ಇಬ್ಬರೂ ಗಮನಿಸಿರಲಿಲ್ಲ. ಅತ್ತಿಗೆ ತಿರುಗಿದಾಗಲೇ ಕಂಡದ್ದು.

ಮೇಲ್ವಿಚಾರಕರು ನಮೂನೆಯನ್ನು ಗೋಡೆಗೆ ಒತ್ತಿ ಹಿಡಿದು ಬರೆದರು. "ವಿಂಗ್, ಎರಡು. ಎಡ ಹೆಗಲಿಗೆ ಬಕಲ್, ಎರಡಕ್ಕೂ." ಆಮೇಲೆ ಅತ್ತಿಗೆಯ ಮುಖ ನೋಡದೆ, ಗಡಿಯಾರ ನೋಡುತ್ತಲೇ, "ನಾಳೆ ಆ ಭುಜ ಡಾಕ್ಟರಿಗೆ ತೋರಿಸಿ ಬನ್ನಿ. ಅವರು ಸರಿ ಅನ್ನೋವರೆಗೆ ಗಿಣಿ ಮುಳುಗಲಿ, ನೀವು ಕಟ್ಟೆ ಮೇಲೆ ನಿಂತು ಅವಳಿಗೆ ಕಟ್ಟಿದ ಹಗ್ಗ ನೋಡ್ಕೊಳ್ಳಿ. ಟಿಕೆಟ್ ಕಿಟಕೀಲಿ ಜಾಗ ಇಲ್ಲ, ಆ ಆಸೆ ಇಟ್ಕೋಬೇಡಿ," ಎಂದು ಹೊರಟುಹೋದರು.

ಇಬ್ಬರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತರು. ಕೆಳಗೆ ಮಾವ ಸುತ್ತು ಹಾಕುತ್ತಿತ್ತು. ಗಿಣಿ ಈಗ ಶುರುಮಾಡುತ್ತಾಳೆ, "ನಾನು ಹೇಳಿರಲಿಲ್ವಾ" ಎಂದು ಒಂದು ತಿಂಗಳು ಕೊರೆಯುತ್ತಾಳೆ ಎಂದು ಅತ್ತಿಗೆ ಕಾದರು.

ಗಿಣಿ ಮಾತ್ರ ಚೀಲದಿಂದ ಅತ್ತಿಗೆಯ ಊಟದ ಡಬ್ಬಿ ತೆಗೆದು, ಮುಚ್ಚಳ ತಿರುಗಿಸಿ ಸಡಿಲ ಮಾಡಿ, ಬಿಸಿ ಆರದ ಹಾಗೆ ಮತ್ತೆ ಮೇಲೆ ಹಗುರಾಗಿ ಇಟ್ಟು, ಅವರ ಬಲಗೈಗೆ ಕೊಟ್ಟಳು.