ಅನುದಾನ ಅಂದರೆ ದಾನವಲ್ಲ

ನಿಮ್ಮ ವಿಶ್ವವಿದ್ಯಾಲಯದಲ್ಲೂ ಒಂದು ನೋಟಿಸ್ ಬೋರ್ಡು ಇರುತ್ತದೆ. ಅದರ ಮುಂದೆ ದಿನಕ್ಕೆ ನಾಲ್ಕು ಸಲ ಓಡಾಡುತ್ತೀರಿ. ರಜೆಯ ಪಟ್ಟಿ ಹಾಕಿದ ದಿನ ಕತ್ತು ಚಾಚಿ ಓದುತ್ತೀರಿ, ಉಳಿದ ದಿನ ತಿರುಗಿಯೂ ನೋಡುವುದಿಲ್ಲ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ನಾವೆಲ್ಲ ಹಾಗೇ. ಗಾಜಿನ ಮೇಷ್ಟ್ರೂ ಹಾಗೇ ಇದ್ದರು. ಅದರಿಂದ ಅವರು ಏನು ಕಳೆದುಕೊಂಡರು, ತಮ್ಮ ಮನೆಯವರಿಗೇ ಏನು ತಪ್ಪಿಸಿದರು ಅನ್ನುವುದನ್ನು ಕೇಳಿ.

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ರಸಾಯನಶಾಸ್ತ್ರ ವಿಭಾಗದ ಹಿಂದೆ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದಲ್ಲಿ, ಗಾಜು ಊದುವ ಕಾರ್ಯಾಗಾರವೊಂದಿದೆ. ಪ್ರಯೋಗಕ್ಕೆ ಬೇಕಾದ ಬಾಗಿದ ಕೊಳವೆ, ಸುರುಳಿ, ಮೂರು ಕತ್ತಿನ ಫ್ಲಾಸ್ಕು, ಹೀಗೆ ಅಂಗಡಿಯಲ್ಲಿ ಸಿಗದ್ದನ್ನೆಲ್ಲ ಬೆಂಕಿಯ ಮುಂದೆ ಕೂತು ಊದಿ ಮಾಡಿಕೊಡುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು. ಎಂಥೆಂಥ ಪ್ರಾಧ್ಯಾಪಕರೂ ಒಡೆದ ಗಾಜನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದು, ಮುಖ ಸಪ್ಪೆ ಮಾಡಿಕೊಂಡು ಅವರ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ, ಒಡಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಾಳೆ ಬನ್ನಿ ಅನ್ನುತ್ತಿದ್ದರು. ಆ ಗತ್ತು ಅವರಿಗೆ ಬಹಳ ಇಷ್ಟವಾಗಿತ್ತು.

ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದಾಗ ವಿಭಾಗದ ಮುಖ್ಯಸ್ಥರು ಕರೆಸಿ ಕೂರಿಸಿದರು. ನೀವು ಹೋದ ಮೇಲೆ ಈ ಕೆಲಸ ಗೊತ್ತಿರುವವರು ಇನ್ನೊಬ್ಬರಿಲ್ಲ, ಆದ್ದರಿಂದ ಕಾರ್ಯಾಗಾರ ಮುಚ್ಚುತ್ತೇವೆ, ಸಾಮಾನಿನ ಪಟ್ಟಿ ಮಾಡಲು ಸಂಶೋಧನಾ ಕಚೇರಿಯಿಂದ ಬರುತ್ತಾರೆ ಅಂದರು. ಮೇಷ್ಟ್ರು ಸರಿ ಸಾರ್ ಅಂದು ಎದ್ದು ಬಂದರು.

ಮರುದಿನ ಬಂದವರು ಆ ಕಚೇರಿಯ ಸೂಪರಿಂಟೆಂಡೆಂಟ್. ಕ್ಯಾಂಪಸ್ಸಿನಲ್ಲಿ ಅವರನ್ನು ಸುತ್ತೋಲೆ ಮೇಡಂ ಅನ್ನುತ್ತಾರೆ. ಯಾವ ಸುತ್ತೋಲೆ ಯಾವಾಗ ಬಂತು, ಕೊನೆಯ ದಿನಾಂಕ ಯಾವುದು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅವರು ಬರ್ನರು, ಸಿಲಿಂಡರು, ಒಲೆ ಎಲ್ಲವನ್ನೂ ಬರೆದುಕೊಂಡು ಗೋಡೆಯ ಕಡೆ ತಿರುಗಿದರು. ಗೋಡೆಯ ತುಂಬ ಮೇಷ್ಟ್ರ ಪೆನ್ಸಿಲಿನ ಚಿತ್ರಗಳು. ಮಾಡಿದ ಪ್ರತಿಯೊಂದು ಗಾಜಿನ ಅಳತೆ, ಬಾಗು, ಕೀಲು ಎಲ್ಲ ಅಲ್ಲಿದ್ದವು. ಇವನ್ನು ಗ್ರಂಥಾಲಯದಲ್ಲಿ ಇಡಿಸಬೇಕು ಅಂತ ಮೇಡಂ ಮೆಚ್ಚಿಕೊಂಡು ಒಂದು ಹಾಳೆ ತೆಗೆದರು. ಹಾಳೆಯ ಹಿಂಬದಿಯಲ್ಲಿ ಅವರೇ ಟೈಪು ಮಾಡಿಸಿದ್ದ ಸುತ್ತೋಲೆಯಿತ್ತು.

ಇನ್ನೊಂದು ತೆಗೆದರು, ಅದೂ ಸುತ್ತೋಲೆಯೇ. ಕೌಶಲ ತರಬೇತಿಗೆ ಅನುದಾನ, ಬೋಧಕೇತರ ಸಿಬ್ಬಂದಿಯೂ ಅರ್ಜಿ ಹಾಕಬಹುದು ಅಂತ ದಪ್ಪಕ್ಷರದಲ್ಲೇ ಇತ್ತು. ವರ್ಷಕ್ಕೊಂದರಂತೆ ಹತ್ತಾರು ಸುತ್ತೋಲೆಗಳು, ಒಂದೂ ತಪ್ಪದೆ, ಮುಖ ಗೋಡೆಗೆ ಮಾಡಿಕೊಂಡು ಕೂತಿದ್ದವು.

ಮೇಡಂಗೆ ನಗು ಬಂತು, ಆಮೇಲೆ ಬೇಜಾರೂ ಆಯಿತು. ಒಂದು ಸಲವಾದರೂ ಅರ್ಜಿ ಯಾಕೆ ಹಾಕಲಿಲ್ಲ ಅಂತ ಕೇಳಿದರು.

"ದಾನಕ್ಕೆ ಕೈಚಾಚೋ ಅಭ್ಯಾಸ ನಂಗಿಲ್ಲ ಮೇಡಂ," ಅಂದರು ಮೇಷ್ಟ್ರು, ಎದೆ ಸೆಟೆಸಿ.

ಅವರು ಹಾಗೆ ಅಂದದ್ದಕ್ಕೆ ಒಂದು ಕಾರಣವಿತ್ತು. ಚಿಕ್ಕವರಿದ್ದಾಗ ಯಾರೋ ದೊಡ್ಡ ಮನುಷ್ಯರು ದಾನ ಕೊಟ್ಟ ಅಂಗಿ ಹಾಕಿಕೊಂಡು ಶಾಲೆಯ ವೇದಿಕೆ ಹತ್ತಿ, ಎಲ್ಲರೆದುರು ಕೈಮುಗಿದು ನಿಂತಿದ್ದರು. ಕೆಳಗೆ ಕೂತ ಹುಡುಗರು ನಕ್ಕಿದ್ದರು. ಅವತ್ತಿನಿಂದ ದಾನ ಅನ್ನುವ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಸುತ್ತೋಲೆಯಲ್ಲಿ ಅನುದಾನ ಅನ್ನುವ ಪದ ಕಂಡ ಕೂಡಲೇ ಮುಂದಕ್ಕೆ ಓದದೆ ಹಾಳೆ ಮಗುಚುತ್ತಿದ್ದರು.

"ದಾನ ಕೊಟ್ಟೋರು ವರದಿ ಕೇಳ್ತಾರಾ ಮೇಷ್ಟ್ರೇ?" ಮೇಡಂ ಸ್ಟೂಲು ಎಳೆದುಕೊಂಡು ಕೂತರು. "ಅನುದಾನಕ್ಕೆ ನಾವು ಕೇಳ್ತೀವಿ. ಏನು ಮಾಡ್ತೀರಿ ಅಂತ ಮೊದಲು ಹೇಳ್ಬೇಕು, ಏನು ಮಾಡಿದ್ರಿ ಅಂತ ಆಮೇಲೆ ಹೇಳ್ಬೇಕು, ಮಿಕ್ಕಿದ್ದು ವಾಪಸ್ ಕೊಡ್ಬೇಕು. ಅದು ಕೆಲಸಕ್ಕೆ ಅಂತ ತೆಗೆದಿಟ್ಟ ದುಡ್ಡು. ಯಾರೂ ಕೇಳದೆ ಇದ್ರೆ ಹಾಗೇ ವಾಪಸ್ ಹೋಗುತ್ತೆ."

ಪ್ರಾಧ್ಯಾಪಕರು ಸಂಶೋಧನೆ ಮಾಡುವುದೂ ಹೀಗೆ ಅರ್ಜಿ ಹಾಕಿಯೇ ಅಂತ ಮೇಡಂ ಬಿಡಿಸಿ ಹೇಳಿದರು. ಪಟ್ಟಿಯನ್ನು ಅವರ ಮುಂದೆ ಹಿಡಿದು, ಹದಿನಾಲ್ಕು ವರ್ಷದ ಹಿಂದೆ ನಿಮ್ಮ ಈ ಬರ್ನರು ಬಂದದ್ದೂ ಒಬ್ಬ ಪ್ರಾಧ್ಯಾಪಕರ ಅನುದಾನದಲ್ಲಿ, ಅದಕ್ಕೇ ಪಟ್ಟಿ ಮಾಡಲು ನಾನು ಬಂದದ್ದು ಅಂದರು. ಹದಿನಾಲ್ಕು ವರ್ಷ ಯಾವ ಬೆಂಕಿಯ ಮುಂದೆ ಕೂತು ತಾನು ಯಾರ ಹಂಗಿನಲ್ಲೂ ಇಲ್ಲ ಅಂದುಕೊಂಡಿದ್ದರೋ ಆ ಬೆಂಕಿಯೇ ಅನುದಾನದ್ದು.

ಅಷ್ಟರಲ್ಲಿ ಮೇಡಂ ಇನ್ನೊಂದು ಹಾಳೆ ತಿರುಗಿಸಿದ್ದರು. ಅದು ಸುತ್ತೋಲೆಯಾಗಿರಲಿಲ್ಲ, ತುಂಬಿದ ಅರ್ಜಿಯಾಗಿತ್ತು. ನೀಲಿ ಶಾಯಿಯ ದುಂಡನೆಯ ಅಕ್ಷರ, ಒಂದೂ ಕಾಟು ಹೊಡೆದಿರಲಿಲ್ಲ. ನಾಲ್ಕು ತಿಂಗಳು ದೊಡ್ಡ ಕಾರ್ಯಾಗಾರವೊಂದಕ್ಕೆ ಹೋಗಿ ಕ್ವಾರ್ಟ್ಸ್ ಗಾಜಿನ ಕೆಲಸ ಕಲಿತು ಬರುತ್ತೇನೆ ಅಂತ ಬರೆದಿತ್ತು. ಕ್ವಾರ್ಟ್ಸ್ ಅಂದರೆ ಸಾಮಾನ್ಯ ಬೆಂಕಿಗೆ ಬಗ್ಗದ ಗಾಜು, ಅದಕ್ಕೆ ಕೈ ಪಳಗಲು ವರ್ಷಗಳೇ ಬೇಕು. ಅರ್ಜಿದಾರರ ಹೆಸರಿನ ಜಾಗದಲ್ಲಿ ಮೇಷ್ಟ್ರ ನಾದಿನಿಯ ಹೆಸರಿತ್ತು. ಶಿಫಾರಸು ಮಾಡುವವರ ಸಹಿಯ ಜಾಗ ಖಾಲಿಯಿತ್ತು.

ನಾದಿನಿ ಅಂದರೆ ಹೆಂಡತಿಯ ತಂಗಿ. ಒಂಬತ್ತು ವರ್ಷದ ಹಿಂದೆ ಅವಳು ಇದೇ ಕಾರ್ಯಾಗಾರದಲ್ಲಿ ಸಹಾಯಕಿಯಾಗಿದ್ದಳು. ಗಾಜಿನ ಕೊಳವೆ ಬೆಂಕಿಯಲ್ಲಿ ಯಾವಾಗ ಮೆತ್ತಗಾಗುತ್ತದೆ ಅನ್ನುವುದನ್ನು ಬಣ್ಣ ನೋಡುವ ಮೊದಲೇ ಬೆರಳಿನಲ್ಲಿ ತಿಳಿಯುತ್ತಿದ್ದಳು. ಆ ಗುಣ ಎಲ್ಲರಿಗೂ ಬರುವುದಿಲ್ಲ. ಅರ್ಜಿ ತಂದು ಮೇಜಿನ ಮೇಲಿಟ್ಟ ದಿನ ಮೇಷ್ಟ್ರು ಓದಲಿಲ್ಲ. ನಮ್ಮ ಮನೆಯವಳು ದಾನಕ್ಕೆ ಅರ್ಜಿ ಹಾಕೋದಾ, ನಾನೇ ಕಲಿಸ್ತೀನಿ ಸುಮ್ಮನಿರು ಅಂದಿದ್ದರು. ಸಂಜೆಗೆ ಯಾರೋ ಸುರುಳಿ ಕೊಳವೆ ಬೇಕು ಅಂತ ಬಂದಾಗ ಕೈಗೆ ಸಿಕ್ಕ ಹಾಳೆ ಮಗುಚಿ ಅದರ ಮೇಲೆ ಚಿತ್ರ ಬರೆದಿದ್ದರು. ಅದು ಯಾವ ಹಾಳೆ ಅಂತಲೂ ನೋಡಿರಲಿಲ್ಲ.

ಕಲಿಸುತ್ತೇನೆ ಅಂದವರು ಕಲಿಸಲೂ ಇಲ್ಲ. ಇವತ್ತು ಅವಸರ, ನಾಳೆ ಅವಸರ. ಎರಡು ವರ್ಷ ಕಾದು ನಾದಿನಿ ಸ್ಟೋರಿಗೆ ವರ್ಗ ಮಾಡಿಸಿಕೊಂಡಳು. ಬೀಕರು, ಪಿಪೆಟ್ಟು ತೊಳೆದು, ಒರೆಸಿ, ಕೇಳಿದವರಿಗೆ ಕೊಟ್ಟು ಬರೆದಿಡುವ ಕೆಲಸ. ಸದ್ಯ ಸಂಬಳ ಬರುತ್ತಲ್ಲ ಅಂತ ಮೇಷ್ಟ್ರು ಅಂದುಕೊಂಡಿದ್ದರು.

"ಈಗ ಹಾಕಿದ್ರೆ ಆಗುತ್ತಾ?" ಮೇಷ್ಟ್ರ ದನಿ ಇಳಿದಿತ್ತು.

ಅವಳ ವಯಸ್ಸೆಷ್ಟು ಅಂತ ಮೇಡಂ ಕೇಳಿದರು. ನಲವತ್ತಾರು. ಆ ತರಬೇತಿಗೆ ನಲವತ್ತೈದು ದಾಟಿರಬಾರದು. ಹೋದ ವರ್ಷ ಹಾಕಿದ್ದರೂ ಆಗುತ್ತಿತ್ತು ಅಂದು ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ಮನೆಗೆ ಹೋದ ಮೇಷ್ಟ್ರು ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಅವರು ಬಟ್ಟೆ ಮಡಚುತ್ತಾ ಕೇಳಿಸಿಕೊಂಡರು, ಕೈ ನಿಲ್ಲಿಸಲಿಲ್ಲ. ನಿಂಗೆ ಗೊತ್ತಿತ್ತಾ ಅಂದರೆ, ಗೊತ್ತಿಲ್ಲದೆ ಏನು ಅಂದರು.

"ಅವಳು ಅವತ್ತು ಇದೇ ಕುರ್ಚಿ ಮೇಲೆ ಕೂತು ಅತ್ತಳು ರೀ. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಳು. ಭಾವ ಬೇಜಾರು ಮಾಡ್ಕೋತಾರೆ ಅಂತ."

ಅವಳು ಅತ್ತದ್ದು ಅವಳಿಗಾಗಿ, ಮುಚ್ಚಿಟ್ಟದ್ದು ಭಾವನಿಗಾಗಿ. ಇದನ್ನು ಕೇಳಿ ಮೇಷ್ಟ್ರಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗಬಹುದಿತ್ತು.

ಮರುದಿನ ಬೆಳಿಗ್ಗೆ ಸ್ಟೋರಿಗೆ ಹೋದರು. ನಾದಿನಿ ಕಿಟಕಿಯ ಹಿಂದೆ ಪಿಪೆಟ್ಟುಗಳನ್ನು ಒರೆಸಿ ಜೋಡಿಸುತ್ತಿದ್ದಳು. ಸೋಪಿನ ನೀರಿಗೆ ಬೆರಳ ತುದಿಗಳು ಒಡೆದಿದ್ದವು. ಮೇಷ್ಟ್ರು ಆ ಬೆರಳುಗಳನ್ನು ಅಷ್ಟು ವರ್ಷದಲ್ಲಿ ಸರಿಯಾಗಿ ನೋಡಿರಲಿಲ್ಲ. ಏನು ಭಾವ, ದೊಡ್ಡವರು ಸ್ಟೋರಿನ ತನಕ ಬಂದಿದ್ದೀರಿ, ಬೀಕರು ಬೇಕಾ ಅಂತ ಅವಳು ಎಂದಿನಂತೆ ಕಾಲೆಳೆದಳು. ಮೇಷ್ಟ್ರು ಆ ಅರ್ಜಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

ಅವಳು ತನ್ನ ಅಕ್ಷರ ನೋಡಿದಳು. ನಗು ನಿಂತುಹೋಯಿತು.

"ತಪ್ಪು ಮಾಡಿದೆ ಕಣಮ್ಮ," ಅಂದರು ಮೇಷ್ಟ್ರು. "ಓದಲೇ ಇಲ್ಲ ನಾನು."

"ಆಗ ನಂಗೆ ಮೂವತ್ತೇಳು ಭಾವ. ಕೈ ಹೇಳಿದ ಮಾತು ಕೇಳ್ತಿತ್ತು." ಅವಳು ಹಾಳೆಯನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದಳು. "ಬೇಡ ಅಂದಿದ್ರೆ ಸರಿ. ಕಲಿಸ್ತೀನಿ ಅಂದ್ರಲ್ಲ, ಎರಡು ವರ್ಷ ನಂಬ್ಕೊಂಡು ಕೂತಿದ್ದೆ."

ಮೇಷ್ಟ್ರು ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ಆ ತರಬೇತಿ ಕೈತಪ್ಪಿತ್ತು, ನಿಜ. ಆದರೆ ಸುತ್ತೋಲೆ ಮೇಡಂ ಸುಮ್ಮನೆ ಕೂರುವವರಲ್ಲ. ನಿವೃತ್ತರಾಗುವವರ ಕೈಚಳಕ ಅವರ ಜೊತೆಗೇ ಹೋಗದಿರಲಿ ಅಂತ ಇನ್ನೊಂದು ಸಣ್ಣ ಅನುದಾನವಿದೆ, ಅದಕ್ಕೆ ವಯಸ್ಸಿನ ಮಿತಿಯಿಲ್ಲ, ಕಲಿಸುವವರೂ ಕಲಿಯುವವರೂ ಜೊತೆಯಾಗಿ ಅರ್ಜಿ ಹಾಕಬೇಕು, ಶುಕ್ರವಾರ ಕೊನೆಯ ದಿನ ಅಂತ ಹೇಳಿ ಕಳಿಸಿದರು. ಈಗ ಬೇಡ ಅಂದವಳು ನಾದಿನಿ. ನಲವತ್ತಾರಕ್ಕೆ ಊದಲು ಕೂತರೆ ವಿಭಾಗದವರೆಲ್ಲ ನಗುತ್ತಾರೆ, ಇನ್ನೆಷ್ಟು ವರ್ಷದ ಕೆಲಸ, ಬಿಡಿ ಅಂದಳು. ಅಕ್ಕನೇ ಸ್ಟೋರಿಗೆ ಬಂದು ಪಕ್ಕದಲ್ಲಿ ಕೂತಳು.

"ನಿಂಗಿನ್ನೂ ಹದಿನಾಲ್ಕು ವರ್ಷ ಸರ್ವೀಸ್ ಇದೆ. ಅಷ್ಟು ದಿನವೂ ಬೀಕರು ತೊಳಿತೀಯಾ?"

ನಾದಿನಿ ಒಪ್ಪಿದಳು, ಸಂಭ್ರಮದಿಂದೇನೂ ಅಲ್ಲ. ಅರ್ಜಿ ತುಂಬಲು ಕೂತಾಗ ಮೇಷ್ಟ್ರು ಜ್ಞಾನ, ಪ್ರಗತಿ, ಭವಿಷ್ಯ ಅಂತ ದೊಡ್ಡ ದೊಡ್ಡ ಮಾತು ಬರೆಸಿದರು. ಮೇಡಂ ಅದಕ್ಕೆಲ್ಲ ಗೀಟು ಹಾಕಿದರು. ಹೋದ ವರ್ಷ ಯಾವ ಯಾವ ವಿಭಾಗಕ್ಕೆ ಏನೇನು ಮಾಡಿಕೊಟ್ಟಿರಿ, ನೀವಿಲ್ಲದಿದ್ದರೆ ಯಾವ ಪ್ರಯೋಗ ನಿಲ್ಲುತ್ತದೆ, ಅವರು ಏನು ಕಲಿಯುತ್ತಾರೆ, ಎಷ್ಟು ದಿನ ಬೇಕು, ಇಷ್ಟನ್ನೇ ಮನೆಯಲ್ಲಿ ಹೇಳುವ ಹಾಗೆ ಬರೆಯಿರಿ ಅಂದರು. ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಇಷ್ಟೇನಾ ಅಂದರು ಮೇಷ್ಟ್ರು. ಇಷ್ಟೇ ಅಂದರು ಮೇಡಂ. ಅದು ಇಷ್ಟು ಸುಲಭವಿತ್ತು ಅನ್ನುವುದೇ ಮೇಷ್ಟ್ರಿಗೆ ಹೆಚ್ಚು ನೋವು ಕೊಟ್ಟಿತು. ಕಷ್ಟವಾಗಿದ್ದರೆ ಅದರ ಮೇಲೆ ತಪ್ಪು ಹೊರಿಸಬಹುದಿತ್ತು.

ಅರ್ಜಿ ಮಂಜೂರಾಗಿ ಆರು ತಿಂಗಳು ಸಿಕ್ಕಿತು. ಮೇಷ್ಟ್ರು ಒಂದು ದಿನವೂ ರಜೆ ಹಾಕದೆ, ಮಾತಿಗೆ ತಪ್ಪದೆ ಕಲಿಸಿದರು. ನಾದಿನಿ ಮೊದಲ ತಿಂಗಳು ಮಾಡಿದ ಕೀಲುಗಳೆಲ್ಲ ಆರುವಾಗ ಟಣ್ಣೆಂದು ಒಡೆದವು. ಎರಡನೆಯ ತಿಂಗಳು ನಿಂತವು. ಐದನೆಯ ತಿಂಗಳಿಗೆ ಸುರುಳಿ ತಿರುಗಿಸಿದಳು. ಪ್ರಾಧ್ಯಾಪಕರೊಬ್ಬರು ಒಡೆದ ಫ್ಲಾಸ್ಕು ಹಿಡಿದುಕೊಂಡು ಬಂದು ಮೇಷ್ಟ್ರನ್ನು ದಾಟಿ ಅವಳ ಮುಂದೆ ನಿಂತ ದಿನ ಮೇಷ್ಟ್ರು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಕಾರ್ಯಾಗಾರ ಮುಚ್ಚುವುದಿಲ್ಲ, ಅವಳನ್ನೇ ಅಲ್ಲಿಗೆ ನೇಮಿಸುತ್ತೇವೆ ಅಂತ ಮುಖ್ಯಸ್ಥರು ಆದೇಶ ಕಳಿಸಿದರು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಮೇಷ್ಟ್ರ ಕೊನೆಯ ವಾರದಲ್ಲಿ ಭೌತಶಾಸ್ತ್ರದವರು ಬಿರುಕು ಬಿಟ್ಟ ಕ್ವಾರ್ಟ್ಸ್ ಕೊಳವೆ ತಂದರು. ಕ್ವಾರ್ಟ್ಸ್ ಕೆಲಸ ಮೇಷ್ಟ್ರಿಗೂ ಬರುತ್ತಿರಲಿಲ್ಲ, ನಾದಿನಿಯೇ ಮೂರು ದಿನ ಪ್ರಯತ್ನಿಸಿದಳು. ಆ ಗಾಜು ಬಿಳಿ ಬೆಂಕಿಯಲ್ಲಿ ಕ್ಷಣ ಹೊತ್ತು ಮಾತ್ರ ಮೆತ್ತಗಾಗುತ್ತದೆ, ಅಷ್ಟರಲ್ಲಿ ಕೈ ನಡುಗದೆ ತಿರುಗಬೇಕು. ಅವಳ ಕೈ ತಿರುಗಲಿಲ್ಲ. ಮೂರನೆಯ ದಿನ ಕಪ್ಪು ಕನ್ನಡಕ ತೆಗೆದಿಟ್ಟಳು.

"ಇದನ್ನ ಹೊರಗೆ ಕಳಿಸೋಣ ಭಾವ. ಇದು ಇನ್ನು ನಂಗೆ ಬರಲ್ಲ."

ಕೋಪದಿಂದ ಹೇಳಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದಳು. ಬರುತ್ತೆ ಅನ್ನಬೇಕು ಅಂತ ಮೇಷ್ಟ್ರು ಬಾಯಿ ತೆರೆದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇಬ್ಬರೂ ಸೇರಿ ಕೊಳವೆಯನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಮೇಲೆ ವಿಳಾಸ ಬರೆದರು.

ಓದುಗರೇ, ಇನ್ನು ನಿಮ್ಮ ಮಾತಿಗೆ ಬರೋಣ. ನೀವು ಪ್ರಯೋಗಾಲಯದಲ್ಲಿರಬಹುದು, ಗ್ರಂಥಾಲಯದಲ್ಲಿರಬಹುದು, ತೋಟದಲ್ಲಿ, ಕಚೇರಿಯಲ್ಲಿ, ಎಲ್ಲೇ ಇರಬಹುದು. ಸುತ್ತೋಲೆ ಬಂದರೆ ಕೊನೆಯ ಸಾಲಿನ ತನಕ ಓದಿ. ಬೋಧಕೇತರ ಅನ್ನುವ ಪದ ಇದೆಯಾ, ವಯಸ್ಸಿನ ಮಿತಿ ಏನು, ಕೊನೆಯ ದಿನ ಯಾವುದು ಅಂತ ನೋಡಿ. ನಿಯಮ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅರ್ಥವಾಗದಿದ್ದರೆ ನಿಮ್ಮ ಸಂಶೋಧನಾ ಕಚೇರಿಗೆ ಹೋಗಿ ಕೇಳಿ, ಹೇಳಲೆಂದೇ ಅವರು ಅಲ್ಲಿರುವುದು. ಒಮ್ಮೆ ತಿರಸ್ಕಾರವಾದರೆ ಯಾಕೆ ಅಂತ ಕೇಳಿಕೊಂಡು ಮತ್ತೆ ಹಾಕಿ. ಕಲಿಯಲು ಕೇಳುವುದು ಕೈಚಾಚುವುದಲ್ಲ.

ಸಹಿ ಹಾಕುವ ಜಾಗದಲ್ಲಿ ಕೂತಿರುವವರೇ, ನಿಮಗೂ ಒಂದು ಮಾತು. ಯಾರಾದರೂ ನಿಮ್ಮ ಮೇಜಿನ ಮೇಲೆ ಅರ್ಜಿ ಇಟ್ಟು ಹೋಗಿದ್ದರೆ ಇವತ್ತೇ ಓದಿ, ಇವತ್ತೇ ಸಹಿ ಹಾಕಿ. ಅದಕ್ಕೆ ಅರ್ಧ ನಿಮಿಷ ಸಾಕು. ಮೇಷ್ಟ್ರು ಒಂಬತ್ತು ವರ್ಷ ತೆಗೆದುಕೊಂಡರು.