ಹದಿನೈದು ದಿನಕ್ಕೊಮ್ಮೆ ನೀರು

ಕೆಳಗಿನ ಎಲೆ ಮೆತ್ತಗೆ, ಬೆರಳಿಗೆ ತಣ್ಣಗೆ — ನಿನ್ನೆ ಹೀಗಿರಲಿಲ್ಲ, ಇತ್ತೇನೋ, ನಿನ್ನೆ ನಾನು ಮುಟ್ಟಲಿಲ್ಲ, ನೀರು ಹಾಕಿ ಒಳಗೆ ಬಂದೆ ಅಷ್ಟೇ, ಈಗ ಒತ್ತಿದರೆ ನೀರು ಜಿನುಗಿ ಎಲೆ ಕಳಚಿ ಕೈಗೇ ಬರುತ್ತಿದೆ, ಅದರ ಹಿಂದೆ ಇನ್ನೊಂದು, ಗುಲಾಬಿಯ ಪಕಳೆಗಳಂತೆ ಸುತ್ತುಸುತ್ತಾಗಿ ಕುಳಿತಿದ್ದ ದಪ್ಪ ಎಲೆಗಳು, ಮೈಮೇಲೆ ತೆಳುವಾಗಿ ಬೂದಿ ಬಳಿದಂಥ ಬಣ್ಣವಿತ್ತು, ಅದನ್ನೂ ನನ್ನ ನೀರೇ ತೊಳೆದುಬಿಟ್ಟಿತು, ಸಿಮ್ರಾನಳ ಗಿಡ, ನನ್ನ ಮಗಳ ಗಿಡ, ಅವಳು ಹೋಗಿ ಇನ್ನೂ ನಲವತ್ತು ದಿನ ತುಂಬಿಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಅಕ್ಕನ ಮನೆಗೆ ಹೋದಾಗ ಸಸಿ ಮಾರುವ ಮಂಗಳವ್ವನ ಹತ್ತಿರ ಆರಿಸಿದ್ದಳು, ಅಂಗೈಯಷ್ಟಿತ್ತು, ಹದಿನೈದು ದಿನಕ್ಕೊಮ್ಮೆ ನೀರು ಹಾಕವಾ, ಅದೂ ಬುಡಕ್ಕ, ನಡುವ ಸುರೀಬ್ಯಾಡ, ಎಲಿ ಸುಕ್ಕಾದ್ರ ಬಾಯಾರೈತಿ ಅಂತ ತಿಳ್ಕೋ, ಮೆತ್ತಗಾದ್ರ ನೀರು ಹೆಚ್ಚಾಗೈತಿ ಅಂತ, ಬಾಯಾರಿದ್ದು ಉಳಕೊಂತೈತಿ, ಹೆಚ್ಚಾಗಿದ್ದು ಉಳಿಯೂದಿಲ್ಲ, ಎಂದು ಮಂಗಳವ್ವ ಹೇಳುತ್ತಿದ್ದರೆ ಸಿಮ್ರಾನ ನನ್ನ ಕಡೆ ತಿರುಗಿ ನಕ್ಕಳು, ಅಮ್ಮೀ, ಇದೂ ನನ್ನಂಗ ಐತಿ ನೋಡ.

ಅವಳಂತೆಯೇ — ಇಪ್ಪತ್ತರ ಹುಡುಗಿ, ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಬ್ಯಾಡಗಿಯಿಂದ ಹಾವೇರಿಗೆ ಬಸ್ಸು, ಆಸ್ಪತ್ರೆಯ ಮಂಚ, ನಾಲ್ಕು ತಾಸು ಡಯಾಲಿಸಿಸ್, ದಿನಕ್ಕೆ ಮುಕ್ಕಾಲು ಲೀಟರ್ ಮ್ಯಾಲೆ ಒಂದ ಹನಿ ಬ್ಯಾಡ್ರಿ, ಎದೀಗೆ ನೀರು ತುಂಬತೈತಿ, ಎಂದು ನರ್ಸು ನನಗೇ ಹೇಳಿದ್ದು, ಅವಳಿಗಲ್ಲ, ಕಾವಲು ನನ್ನದು. ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದವಳು ನಾನು, ಚಹಾ, ಸಾರು, ಮಾತ್ರೆಗೆ ಕುಡಿದ ಗುಟುಕು, ಎಲ್ಲ ಅದರಲ್ಲೇ. ಗಿಡಕ್ಕೆ ಮಾತ್ರ ಅವಳದೇ ಲೆಕ್ಕ, ಮರಳು ಬೆರೆಸಿದ ಮಣ್ಣು, ತಳಕ್ಕೆ ತೂತು, ಮುಂಜಾನೆಯ ಬಿಸಿಲಿಗೆ ಕಿಟಕಿ, ಬುಡದ ಒಂದು ಎಲೆ ಮುರಿದು ಒಣ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿದಳು, ಒಂದು ತಿಂಗಳಿಗೆ ಅದರ ತುದಿಯಲ್ಲಿ ಗುಲಾಬಿ ಬಣ್ಣದ ದಾರದಂಥ ಬೇರು, ಪುಟ್ಟ ಮರಿ, ಆ ಮರಿಯನ್ನು ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹೇಮಪ್ಪನಿಗೆ, ಅಗಡಿಯವನು, ಅವನಿಗೂ ಇದೇ ರೋಗ, ಕಾಕಾ ನಿಮಗೂ ಒಂದು ಸಂಗಾತಿ ಇರಲಿ ಎಂದು ಕೊಟ್ಟಳು.

ಅದೇ ಹೇಮಪ್ಪ ಅಷ್ಟರಲ್ಲೇ ಮಾತಾಡಿಸಲು ಬಂದ, ಬಾಗಿಲಲ್ಲೇ ಕುಂಡ ನೋಡಿದ, ಏನವ್ವಾ ಮೈಮುನಾಬಿ, ದಿನಾ ನೀರು ಹಾಕೀದಿ ಏನು, ಹೂಂ ಹಾಕೇನಿ ಅಣ್ಣಾ, ದಿನಾ, ತಂಬಿಗೆ ತಂಬಿಗೆ. ಅವನು ಕುಂಡದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಚಾಕು ತಾ, ಕೊಳತದ್ದು ಕೊಯ್ದು ಒಗದು ಮ್ಯಾಲಿನ ತಲಿ ನಾಕು ದಿನ ನೆರಳಾಗ ಒಣಗಿಸಿ ನಟ್ಟರ ಮತ್ತ ಬೇರು ಬಿಡತೈತಿ, ದಂಟು ಬೆಳ್ಳಗ ಕಾಣೂತನಕ ಕೊಯ್ಯಬೇಕು. ಕೊಯ್ದೆ, ಒಳಗೆ ಕಂದು, ಇನ್ನೊಂದು ಬಿಲ್ಲೆ, ಕಂದು, ಇನ್ನಷ್ಟು ಮೇಲೆ, ನಡುವೆ ಕಪ್ಪು ಚುಕ್ಕೆ, ಎಲೆಗಳು ತಾವಾಗಿಯೇ ಉದುರುತ್ತಿವೆ, ಇನ್ನ ಸಾಕು ಬಿಡವ್ವಾ ಅಂದ, ನಾನು ಬಿಡಲಿಲ್ಲ, ಕೊಯ್ಯುತ್ತ ಕೊಯ್ಯುತ್ತ ಉಗುರಿನಷ್ಟು ಸುಳಿ ಉಳಿಯಿತು, ಅದನ್ನೂ ಸೀಳಿದೆ, ಅದರೊಳಗೂ ಕಂದು, ಬೆಳ್ಳಗಿನದು ಎಲ್ಲಿಯೂ ಇಲ್ಲ. ಆಮೇಲೆ ಅವನಿಗೆ ಹೇಳಿಬಿಟ್ಟೆ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಹೋಗೂ ಹಿಂದಿನ ದಿನ ನೀರು ಬೇಡಿದ್ಲು ಅಣ್ಣಾ, ನಾ ಕೊಡಲಿಲ್ಲ. ಅವನು ನೆಲ ನೋಡುತ್ತ, ಸಮಾಧಾನಕ್ಕೆಂದೇ, ಅಷ್ಟರಾಗ ಏನೂ ಇರಲಿಲ್ಲ ಬಿಡವ್ವಾ, ನಾ ಡಾಕ್ಟರನ್ನ ಕೇಳೇನಿ, ಹೃದಯಾನ ನಿಂತಿದ್ದು, ಒಂದ ಲೋಟ ಕುಡಿದಿದ್ರೂ ಅಷ್ಟ, ಕುಡೀದಿದ್ರೂ ಅಷ್ಟ.

ಕುಡಿದಿದ್ದರೂ ಅಷ್ಟೇ. ಹಾಗಾದರೆ ಕೊಡಬಹುದಿತ್ತು. ಅವನು ಹೋಗಿ ಎಷ್ಟು ಹೊತ್ತಾಯಿತು, ಬಿಸಿಲು ಇಳಿಯುತ್ತಿದೆ, ಕೈಯೆಲ್ಲ ಲೋಳೆ, ಆವತ್ತೂ ಇಂಥದೇ ಬಿಸಿಲು, ಪೇಟೆಯಿಂದ ತಂದ ಮೆಣಸಿನಕಾಯಿ ಅಂಗಳದಲ್ಲಿ ಹರವಿಕೊಂಡು ತೊಟ್ಟು ಬಿಡಿಸುತ್ತಿದ್ದೇನೆ, ಘಾಟಿಗೆ ನನ್ನ ಗಂಟಲೇ ಒಣಗಿ ಎರಡು ಸಲ ಎದ್ದು ನೀರು ತಂದು ಕುಡಿದಿದ್ದೇನೆ, ಅವಳ ಎದುರೇ, ಬಾಟಲಿಯ ಗೆರೆ ಮುಗಿದಿತ್ತು, ಅಮ್ಮೀ, ಜರಾಸಾ ಪಾನಿ, ಬ್ಯಾಡ ಬೇಟಾ, ನಾಳೆ ಹಾವೇರಿಗೆ ಹೋಗೂದೈತಿ, ಅಲ್ಲೀತನಕ ತಡಕೋ, ತಡೆದುಕೊಂಡಳು, ಮತ್ತೆ ಕೇಳಲಿಲ್ಲ, ಮರುದಿನ ಬಸ್ಸು ಮೋಟೆಬೆನ್ನೂರು ದಾಟುವಾಗ ನನ್ನ ಹೆಗಲಿಗೆ ತಲೆ ಇಟ್ಟವಳು, ಹಾವೇರಿ ಬಂತ್ರೀ ಇಳೀರಿ ಎಂದು ಕಂಡಕ್ಟರು ಕೂಗಿದರೂ ಏಳಲಿಲ್ಲ — ಅಲ್ಲ, ಬಸ್ಸಲ್ಲ, ಅದಕ್ಕಿಂತ ಮೊದಲು, ಅಂಗಳದಲ್ಲಿ, ನಾನು ಬೇಡ ಅಂದಮೇಲೆ, ನಾನು ಕುಡಿದಿಟ್ಟ ಸ್ಟೀಲ್ ಲೋಟ ಅವಳು ಎತ್ತಿಕೊಂಡಳು, ಖಾಲಿ ಲೋಟ, ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಅದನ್ನು ಬೋರಲು ಹಿಡಿದಳು, ತಳದಿಂದ ಒಂದು ಹನಿ ಮೆಲ್ಲಗೆ ಇಳಿದು ಅಂಚಿಗೆ ಬಂದು ನಿಂತಿತು, ನಾನು ನೋಡಿದೆ, ನೋಡಿ ಮತ್ತೆ ತೊಟ್ಟು ಬಿಡಿಸಿದೆ, ಬೋರಲು ಲೋಟ, ತೆರೆದ ಬಾಯಿ, ಅಂಚಿನಲ್ಲಿ ಹನಿ, ಬೀಳುತ್ತಿಲ್ಲ, ತೆರೆದ ಬಾಯಿ, ಅಂಚಿನಲ್ಲಿ ಹನಿ —