ಕಾಲು ಮುರಿದ ಡಯಲು

ಎಂಬತ್ತಾರನೇ ಇಸವಿಯ ರೋಹಿಣಿ ಮಳೆ ನಕ್ಷತ್ರ ಹುಟ್ಟಿತ್ತು. ಊರಲ್ಲಾಗಿದ್ದರೆ ಮೋಡ ನೋಡಿ ಕೂರಿಗೆ ತೆಗೆಯುವ ಕಾಲ. ವಿಜಯವಾಡದಲ್ಲಿ ಅದು ಬಂಡೆ ಸೀಳುವ ಬಿಸಿಲು, ಮನೆಮನೆಯಲ್ಲೂ ಆವಕಾಯಿ ಉಪ್ಪಿನಕಾಯಿ ಹಾಕುವ ಗಡಿಬಿಡಿ. ಪಟಮಟದ ಬಾಡಿಗೆ ಮನೆಯ ಹಿತ್ತಿಲ ಜಗಲಿಯಲ್ಲಿ ಕಮಲಾ ಮಾವಿನಕಾಯಿ ಕಡಿಯುತ್ತಿದ್ದಳು. ಪಕ್ಕದ ಮನೆಯ ಹೈಮಾವತಿ ಕೊಟ್ಟ ಮಚ್ಚು. ಒಂದೊಂದು ಏಟಿಗೂ ಕಾಯಿ ಓಟೆಸಮೇತ ಹೋಳಾಗಿ ಹಲಗೆಯಾಚೆ ಸಿಡಿಯುತ್ತಿತ್ತು. ಏಟು ಬಿದ್ದಾಗಲೆಲ್ಲ ತಮ್ಮ ಚಿಕ್ಕಣ್ಣ ಕೈ ತಡೆದು ಕೂರುತ್ತಿದ್ದ. ಅವನ ಮುಂದಿನ ಸ್ಟೂಲಿನ ಮೇಲೆ ಭಾವನ ವಾಚು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

ಚಿಕ್ಕಣ್ಣ ವೈಜಾಗಿನಲ್ಲಿ ನೇವಿಯವನು. ವರ್ಕ್‌ಶಾಪಿನಲ್ಲಿ ಮೀಟರು, ಗಡಿಯಾರಗಳ ರಿಪೇರಿ ಅವನ ಕೆಲಸ. ಎರಡು ದಿನದ ರಜೆಗೆ ಅಕ್ಕನ ಮನೆಗೆ ಬಂದರೆ, ಬೆಳಗ್ಗೆ ಬ್ಯಾಂಕಿಗೆ ಹೊರಟ ಭಾವ ಚಂದ್ರಮೌಳಿ ವಾಚನ್ನು ಅವನ ಮಡಿಲಿಗೆ ಎಸೆದಿದ್ದ. "ನಿಮ್ಮಪ್ಪ ಕೊಟ್ಟಿದ್ದು ಕಣಯ್ಯಾ. ಕೊಟ್ಟೋರೇ ರಿಪೇರಿ ಮಾಡ್ಕೊಡ್ಬೇಕು. ಬಚ್ಚಲಲ್ಲಿ ಬಿತ್ತು."

ಧಾರೆಯ ದಿನ ಅಳಿಯನಿಗೆ ವಾಚು ಕೊಡಬೇಕೆಂದು ಬೀಗರು ಹಟ ಹಿಡಿದಾಗ, ಅಪ್ಪ ತನ್ನ ಕೈಯದನ್ನೇ ಬಿಚ್ಚಿ ಚಂದ್ರಮೌಳಿಗೆ ಕಟ್ಟಿದ್ದ. ಬಿಚ್ಚಿದ ಜಾಗದಲ್ಲಿ ಬಿಳಿ ಪಟ್ಟಿ ಉಳಿದಿತ್ತು. ಆ ಪಟ್ಟಿ ಚಿಕ್ಕಣ್ಣನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗಾಜು ಒಡೆದು ಅಂಚಿನ ಚೂರೊಂದು ಉದುರಿತ್ತು. ಮುಳ್ಳು ಕಿತ್ತು ಡಯಲು ಎತ್ತಿದರೆ ಅದು ಕೈಗೇ ಬಂತು. ಡಯಲನ್ನು ಮಿಷಿನ್ನಿಗೆ ಕಚ್ಚಿ ಹಿಡಿಯುವ ತಾಮ್ರದ ಕಾಲು ಎರಡೂ ಬುಡಕ್ಕೆ ಮುರಿದಿದ್ದವು. ಬೆಸುಗೆ ಹಾಕಿದರೆ ಬಿಸಿಗೆ ಮುಂಭಾಗದ ಬಣ್ಣ ಏಳುತ್ತದೆ, ಅಂಟಿಸುವುದೊಂದೇ ದಾರಿ. ಮುರುಕು ಬುಡವನ್ನು ಅರದಿಂದ ನುಣ್ಣಗೆ ಉಜ್ಜಿ, ಮಿಷಿನ್ನಿನ ಮೇಲಿನ ಧೂಳು ಊದಲು ಬಗ್ಗಿದಾಗ ಹಲ್ಲಿನ ಚಕ್ರದ ಪಕ್ಕ ಏನೋ ಹೊಳೆಯಿತು. ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದ. ಹಸಿರು ಬಳೆಯ ಚೂರು.

ಅಕ್ಕನ ಕಡೆ ನೋಡಿದ. ಬಲಗೈಯಲ್ಲಿ ಹಸಿರು ಬಳೆಗಳಿದ್ದವು. ಎಡಗೈ ಬೋಳು. ಈ ಧಗೆಯಲ್ಲೂ ಮೊಣಕೈ ದಾಟಿದ ರವಿಕೆ.

"ಅಕ್ಕ, ತೋಳು ತೋರ್ಸು."

"ಬಚ್ಚಲಲ್ಲಿ ಜಾರಿ ಬಿದ್ದೆ ಕಣೋ. ಹೈಮಾವತಿಗೂ ಹಂಗೇ ಹೇಳಿವ್ನಿ."

"ನೀನೂ ಬಚ್ಚಲಲ್ಲೇ ಬಿದ್ದೆ, ವಾಚೂ ಬಚ್ಚಲಲ್ಲೇ ಬಿತ್ತು."

ಕಮಲಾ ಇನ್ನೊಂದು ಕಾಯಿ ಕಡಿದಳು. "ಅಪ್ಪನ ತಿಥಿಗೆ ಊರಿಗೆ ಹೋಗ್ಬೇಕು ಅಂದೆ. ಅವರ ಏಟು ತಲೆಗೆ ಬೀಳೋದು, ತೋಳು ಅಡ್ಡ ಕೊಟ್ಟೆ. ನೀನು ಬಾಯಿ ಬಿಡ್ಬೇಡ, ಚಿಕ್ಕ. ನಾಳೆ ನೀನು ರೈಲು ಹತ್ತೋನು. ಆಮೇಲೆ ಇಲ್ಲಿರೋಳು ನಾನು."

ಅವನು ಮಾತು ಕೊಟ್ಟ. ಪೊರಕೆ ಕಡ್ಡಿಯ ತುದಿಯಿಂದ, ಚಕ್ರ ತಾಗದ ಅಂಚಿನಲ್ಲಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಸಾಸಿವೆಯಷ್ಟೇ ಇಟ್ಟ. ಹೆಚ್ಚಾದರೆ ಹರಿದು ಮಿಷಿನ್ನನ್ನೇ ಕೊಲ್ಲುತ್ತದೆ. ಕೀಲಿ ಕೊಡುವ ತಿರುಪಿನ ನೇರಕ್ಕೆ ಮೂರರ ಗೆರೆ ಬರುವಂತೆ ಡಯಲು ಕೂರಿಸಿ, ಮೇಲೆ ಲೋಟ ಬೋರಲು ಹಾಕಿದ. ಸಂಜೆವರೆಗೆ ಮುಟ್ಟುವಂತಿಲ್ಲ.

ಶನಿವಾರ ಅರ್ಧ ದಿನದ ಬ್ಯಾಂಕು. ಚಂದ್ರಮೌಳಿ ಬೆವರು ಸುರಿಸುತ್ತ ಬಂದವನೇ ಹಿತ್ತಿಲಿಗೆ ನುಗ್ಗಿದ.

"ಆಯ್ತೇನಯ್ಯಾ, ನೇವಿ?"

"ಅಂಟು ಆರಿಲ್ಲ ಭಾವ, ಮುಟ್ಬೇಡಿ."

ಲೋಟ ಉರುಳಿತು. ಅವನ ಹೆಬ್ಬೆರಳು ಡಯಲಿನ ಮೇಲೆ ಒತ್ತಿತು; ಹನ್ನೆರಡು ಜಾರಿ ಒಂದರ ಜಾಗಕ್ಕೆ ಹೋಯಿತು.

"ಥೂ. ನಿಮ್ಮ ಮನೆಯಿಂದ ಬಂದಿದ್ದೆಲ್ಲ ಹಿಂಗೇ. ಒಂದೂ ನೆಟ್ಟಗೆ ನಿಲ್ಲಲ್ಲ." ವಾಚನ್ನು ಸ್ಟೂಲಿನ ಮೇಲೆ ಕುಕ್ಕಿ, ಹೆಂಡತಿಯ ಕಡೆ ತಿರುಗಿದ. "ಅವನತ್ರ ಏನೇನು ಊದಿದೀಯೇ? ಮುಖ ನೋಡು ಅವನ್ದು." ಒದ್ದ ಕಾಲು ಅವಳ ಎಡ ತೋಳಿಗೇ ಬಿತ್ತು. ಕಮಲಾ ಪಕ್ಕದ ಖಾರದ ಪುಡಿಯ ಮೊರದ ಮೇಲೆ ಮಗುಚಿಬಿದ್ದಳು.

ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಚಿಕ್ಕಣ್ಣ ಭಾವನ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಬಡಿದ. ಒಮ್ಮೆಗೆ ಮೂಗು ಒಡೆಯಿತು, ಇನ್ನೊಮ್ಮೆಗೆ ಹಲ್ಲು ತುಟಿ ಸೀಳಿತು. ಚಂದ್ರಮೌಳಿ ಅವನ ಕೈ ಕಚ್ಚಿದ, ಕಣ್ಣಿಗೆ ಉಗುರು ಹಾಕಿದ. ಇಬ್ಬರೂ ಹೋಳುಗಳ ಮೇಲೆ ಉರುಳಿದರು. ಕೊನೆಗೆ ಚಿಕ್ಕಣ್ಣನ ಮೊಣಕಾಲು ಭಾವನ ಎದೆಯ ಮೇಲಿತ್ತು, ಭಾವನ ಎಡ ಮುಂಗೈ ಹಲಗೆಯ ಮೇಲೆ, ಮಚ್ಚು ಚಿಕ್ಕಣ್ಣನ ಕೈಯಲ್ಲಿ. ಮುಂಗೈಯಲ್ಲಿ ವಾಚು ಕಟ್ಟುವ ಜಾಗ ಬಿಳಿ ಪಟ್ಟಿಯಾಗಿತ್ತು.

"ಕಮಲಾ, ಹೇಳೇ ಅವನಿಗೆ," ಚಂದ್ರಮೌಳಿ ರಕ್ತ ಉಗುಳಿದ.

ಅವಳು ಎದ್ದಳು. ಸೆರಗಿನಿಂದ ಕಣ್ಣಿನ ಖಾರ ಒರೆಸಿಕೊಂಡಳು. "ಮಚ್ಚು ಇಲ್ಲಿ ಕೊಡು, ಚಿಕ್ಕ."

ಅಕ್ಕ ಗಂಡನನ್ನು ಉಳಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡು ಅವನು ಕೊಟ್ಟ. ಆದರೆ ಹಿಡಿದ ಕೈ ಬಿಡಲು ಅವಳು ಹೇಳಲಿಲ್ಲ. ಮಚ್ಚನ್ನು ತಿರುಗಿಸಿ ಹಿಡಿದಳು, ಬಾಯಿ ಮೇಲೆ, ಬೆನ್ನು ಕೆಳಗೆ. ಓಟೆ ಕಡಿಯುವಷ್ಟೇ ಬಿರುಸಾಗಿ ಒಂದು ಏಟು ಹಾಕಿದಳು. ಮೂಳೆ ಲಟಕ್ಕೆಂದಿತು. ಚಂದ್ರಮೌಳಿಯ ಅರಚು ಕಾಂಪೌಂಡು ದಾಟಿತು.

ಕಮಲಾ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಅವ್ನು ನಾಳೆ ಹೋಯ್ತಾನೆ. ನಾನು ಇಲ್ಲೇ ಇರ್ತೀನಿ. ನೆಪ್ಪಿರ್ಲಿ."

ಗೋಡೆಯಾಚೆಯಿಂದ, ಏನಾಯ್ತೆಂದು ಕೇಳುವ ಹೈಮಾವತಿಯ ದನಿ: "ಏಮೈಂದಂಡೀ ಕಮಲಗಾರೂ?"

"ಏಮೀ ಲೇದಂಡೀ. ಆಯನ ಬಾತ್‌ರೂಮ್‌ಲೋ ಜಾರಿ ಪಡ್ಡಾರು." ಏನಿಲ್ಲ, ಅವರು ಬಚ್ಚಲಲ್ಲಿ ಜಾರಿ ಬಿದ್ದರೆಂದು ಕಮಲಾ ತೆಲುಗಿನಲ್ಲೇ ಹೇಳಿದಳು.

ಹೈಮಾವತಿ, ಜಾಗ್ರತೆ ಅಂಡೀ ಎಂದಷ್ಟೇ ಹೇಳಿ ಒಳಹೋದಳು.

ರಿಕ್ಷಾ ಕರೆಯಲು ಚಿಕ್ಕಣ್ಣ ಎದ್ದು ಹೋದ. ಚಂದ್ರಮೌಳಿ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ನರಳುತ್ತಿದ್ದ. ಹೆಂಡತಿ ಹತ್ತಿರ ಬಂದರೆ ಕಾಲು ಮಡಚಿಕೊಳ್ಳುತ್ತಿದ್ದ. ಕಮಲಾ ರಕ್ತ ಬಿದ್ದ ಹೋಳುಗಳನ್ನು ಬೇರೆ ಆರಿಸಿ ಬಿಸಾಡಿದಳು, ಮಚ್ಚು ತೊಳೆದಳು. ಸ್ಟೂಲಿನ ಮೇಲಿನ ವಾಚನ್ನು ಅಂಗೈಯಲ್ಲಿಟ್ಟು ನೋಡಿದಳು.

"ಆಸ್ಪತ್ರೆಯಿಂದ ಬಂದು ಕೆರೆದು ಮತ್ತೆ ಅಂಟ್ಸು," ಎಂದು ರಿಕ್ಷಾ ತಂದ ತಮ್ಮನಿಗೆ ಹೇಳಿ, ಲೋಟವನ್ನು ಸೆರಗಿನಿಂದ ಒರೆಸಿ ಅದರ ಮೇಲೆ ಬೋರಲು ಹಾಕಿದಳು. "ಈ ಸಲ ಆರೋವರ್ಗೂ ಯಾರೂ ಮುಟ್ಟಲ್ಲ."